ಇಸಿಜಿ ನಾರ್ಮಲ್ ಬಂದಮೇಲೆ

2025ರ ಜೂನ್ ಕೊನೆ ಮತ್ತು ಜುಲೈ ಮೊದಲ ವಾರಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬರುತ್ತಿತ್ತು. ತೀರಿಕೊಂಡವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿ ವಾಹಿನಿಗಳು ಸಾವುಗಳ ಲೆಕ್ಕ ಇಡತೊಡಗಿದವು. ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೂ ಹೀಗೇ ಆಗಿತ್ತು. ಆಗ ಜಿಮ್‌ಗೆ ಹೋಗುವ ಹುಡುಗರೆಲ್ಲ ಎದೆ ಮುಟ್ಟಿ ನೋಡಿಕೊಂಡರು, ಗಾಬರಿಯಾಗಬೇಡಿ ಎಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು. ಹಾಸನದ ವಿಚಾರದಲ್ಲಿ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಿಂದಿನ ಅಂಕಿಅಂಶಗಳಿಗೆ ಹೋಲಿಸಿದರೆ ಅಸಹಜವಾದ ಏರಿಕೆ ಕಾಣುತ್ತಿಲ್ಲ ಎಂದು ವರದಿ ಬಂತು. ಸುದ್ದಿ ಅಲ್ಲಿಗೆ ತಣ್ಣಗಾಯಿತು.

ಆ ಸಾಲಿನಲ್ಲಿ ನಿಂತು ಇಸಿಜಿ ತೆಗೆಸಿ, ‘ನಾರ್ಮಲ್ ಇದೆ ಹೋಗಿ’ ಎನ್ನಿಸಿಕೊಂಡು ಮನೆಗೆ ಬಂದವರ ಕಥೆಯನ್ನು ಯಾರೂ ಬರೆಯಲಿಲ್ಲ. ಅವರಲ್ಲಿ ಬರೀ ಮುಂಜಾಗ್ರತೆಗೆ ಹೋದವರು ಸಮಾಧಾನದಿಂದ ಮಲಗಿರುತ್ತಾರೆ. ನಿಜವಾಗಿಯೂ ಎದೆ ಹೊಡೆದುಕೊಂಡು, ಎಡಗೈ ಜುಮ್ಮೆಂದು, ಉಸಿರು ಸಾಲದೆ ಹೋದವರ ಪಾಡು ಬೇರೆ. ಕಾಗದದ ಮೇಲಿನ ಗೆರೆ ಸರಿಯಾಗಿದೆ, ಎದೆ ಮಾತ್ರ ಇನ್ನೂ ಹೊಡೆದುಕೊಳ್ಳುತ್ತಿದೆ. ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತು ಅವರಿಗೆ ಎರಡೇ ದಾರಿ ಉಳಿಸುತ್ತದೆ: ವೈದ್ಯರಿಗೆ ಕಾಯಿಲೆ ಗೊತ್ತಾಗಲಿಲ್ಲ ಎಂದುಕೊಂಡು ಇನ್ನೊಬ್ಬರ ಬಳಿ ಹೋಗುವುದು, ಇಲ್ಲವೇ ತಾನು ನಾಟಕ ಮಾಡುತ್ತಿದ್ದೇನೆಂದು ಮನೆಯವರು ತಿಳಿಯುತ್ತಾರೆ ಎಂದು ಬಾಯಿ ಮುಚ್ಚಿಕೊಳ್ಳುವುದು. ಆತಂಕ ದೇಹದಲ್ಲಿ ಎಬ್ಬಿಸುವ ತೊಂದರೆಗಳ ಬಗ್ಗೆ ವೈದ್ಯಶಾಸ್ತ್ರಕ್ಕೆ ಇಂದು ಸಾಕಷ್ಟು ತಿಳಿದಿದೆ. ಆ ತಿಳಿವಳಿಕೆ ಇಸಿಜಿ ಕೋಣೆಯಿಂದ ಆಚೆಗೆ, ರೋಗಿಯ ಕೈಗೆ ದಾಟುವುದಿಲ್ಲ. ನನ್ನ ತಕರಾರು ಮುಖ್ಯವಾಗಿ ಇಷ್ಟೇ.

ಈ ತಿಳಿವಳಿಕೆ ಕೂಡ ಸುಲಭವಾಗಿ ಬಂದದ್ದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯವಿಲ್ಲದೆ ಎದೆನೋವು, ಡವಡವ, ಏದುಸಿರು ಎಂದು ಆಸ್ಪತ್ರೆ ಸೇರಿದ ಸೈನಿಕರನ್ನು ಜೇಕಬ್ ಮೆಂಡಿಸ್ ಡಾ ಕೋಸ್ಟಾ ಎಂಬ ವೈದ್ಯ ಫಿಲಡೆಲ್ಫಿಯಾದಲ್ಲಿ ಪರೀಕ್ಷಿಸಿದ. ಸುಮಾರು ಮುನ್ನೂರು ಜನರ ವಿವರ ಕಲೆಹಾಕಿ 1871ರಲ್ಲಿ ಪ್ರಕಟಿಸಿದ. ಅವನ ಪ್ರಕಾರ ಅದು ಕೆರಳಿದ ಹೃದಯದ ಕಾಯಿಲೆ. ಮೊದಲ ಮಹಾಯುದ್ಧದಲ್ಲಿ ಇದೇ ತೊಂದರೆಯ ಸಾವಿರಾರು ಬ್ರಿಟಿಷ್ ಸೈನಿಕರು ಬಂದಾಗ ಥಾಮಸ್ ಲೂಯಿಸ್ ಎಂಬ ಹೃದ್ರೋಗ ತಜ್ಞ ಅದನ್ನು ಶ್ರಮಕ್ಕೆ ಸಂಬಂಧಿಸಿದ ತೊಂದರೆ ಎಂದು ಕರೆದ. ಹಾಸಿಗೆಯಲ್ಲಿ ಮಲಗಿಸಿಡುವ ಬದಲು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಾಗುವ ಕವಾಯತು ಮಾಡಿಸಿದ. ಅನೇಕರು ಸುಧಾರಿಸಿದರು. ಕಾರಣ ತಿಳಿಯದಿದ್ದರೂ ಮದ್ದು ಸರಿಯಿತ್ತು ಎಂಬುದು ಈಗ ನಮಗೆ ಕಾಣುತ್ತದೆ. 1941ರಲ್ಲಿ ಪಾಲ್ ವುಡ್ ಎಂಬ ಮತ್ತೊಬ್ಬ ಹೃದ್ರೋಗ ತಜ್ಞ, ಇದು ಹೃದಯದ ಕಾಯಿಲೆಯೇ ಅಲ್ಲ, ಭಯದ್ದು ಎಂದು ವಾದಿಸಿದ. ಸಿಪಾಯಿಯ ಎದೆಯಲ್ಲಿ ಭಯ ಇರಬಹುದು ಎಂದು ಒಪ್ಪಲು ಎಪ್ಪತ್ತು ವರ್ಷ ಬೇಕಾಯಿತು!

ಮಹಾಭಾರತದಲ್ಲಿ ರಥದ ಮೇಲೆ ಮೈ ನಡುಗಿದವರು ಇಬ್ಬರು. ಕುರುಸೇನೆ ಕಂಡು ಬೆವತು ರಥದಿಂದ ಹಾರಿ ಓಡಿದ ಉತ್ತರಕುಮಾರನನ್ನು ಕುಮಾರವ್ಯಾಸ ನಮಗೆ ನಗಲು ಕೊಟ್ಟ. ಕುರುಕ್ಷೇತ್ರದಲ್ಲಿ ಬಾಯಿ ಒಣಗಿ, ಮೈ ಸುಟ್ಟಂತಾಗಿ, ಕೈಯಿಂದ ಬಿಲ್ಲು ಜಾರಿದ ಅರ್ಜುನನಿಗೆ ಹದಿನೆಂಟು ಅಧ್ಯಾಯಗಳ ಉಪದೇಶ ಸಿಕ್ಕಿತು. ಇಬ್ಬರ ನರಮಂಡಲವೂ ಮಾಡಿದ್ದು ಒಂದೇ ಕೆಲಸ. ನಮ್ಮ ಮನೆಗಳಲ್ಲಿ ಗಾಬರಿ ಬಿದ್ದವರಿಗೆ ಹೆಚ್ಚಾಗಿ ಸಿಗುವುದು ಉತ್ತರನ ಪಾಲು.

ಹಾಗಾದರೆ ಮೈಯೊಳಗೆ ನಡೆಯುವುದೇನು? ಅಪಾಯ ಬಂದಿದೆ ಎಂದು ಮಿದುಳು ತೀರ್ಮಾನಿಸಿದ ಕೂಡಲೇ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಹೃದಯ ವೇಗ ಹೆಚ್ಚಿಸುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಚರ್ಮದ ರಕ್ತನಾಳಗಳು ಕಿರಿದಾಗಿ ಕೈಕಾಲು ತಣ್ಣಗಾಗುತ್ತವೆ, ಬೆವರು ಬರುತ್ತದೆ, ಜೊಲ್ಲು ನಿಲ್ಲುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ದೇಹ ಮಾಡಿಕೊಳ್ಳುವ ಸಿದ್ಧತೆ ಇದು ಎಂದು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1915ರ ತನ್ನ ಪುಸ್ತಕದಲ್ಲಿ ವಿವರಿಸಿದ. ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ರೋಗಿಗಳಿಗೆ ಯಾರೂ ಹೇಳದೆ ಉಳಿಯುವುದು ಉಸಿರಿನ ಲೆಕ್ಕ. ಅತಿ ಹೆಚ್ಚು ಹೆದರಿಸುವ ಲಕ್ಷಣಗಳು ಹುಟ್ಟುವುದೇ ಅಲ್ಲಿ.

ವಿಶ್ರಾಂತಿಯಲ್ಲಿರುವ ದೊಡ್ಡವರು ನಿಮಿಷಕ್ಕೆ ಹನ್ನೆರಡರಿಂದ ಹದಿನೆಂಟು ಸಲ ಉಸಿರಾಡುತ್ತಾರೆ. ಗಾಬರಿಯಲ್ಲಿ ಈ ಲೆಕ್ಕ ಏರುತ್ತದೆ. ಕೆಲವರಲ್ಲಿ ಲೆಕ್ಕ ಏರದೆಯೇ ಪದೇಪದೇ ನಿಟ್ಟುಸಿರು, ಆಕಳಿಕೆ ಬರುತ್ತವೆ. ಓಡುತ್ತಿದ್ದರೆ ಇದು ಸರಿ. ಕುರ್ಚಿಯಲ್ಲಿ ಕೂತು ಹೀಗೆ ಉಸಿರಾಡಿದರೆ ದೇಹದಲ್ಲಿ ಹುಟ್ಟುವುದಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ. ಅದು ಕೆಟ್ಟ ಗಾಳಿ, ಹೋದರೆ ಒಳ್ಳೆಯದಲ್ಲವೇ ಎಂದು ಶಾಲೆಯಲ್ಲಿ ಕಲಿತ ನಮಗೆ ಅನ್ನಿಸುತ್ತದೆ. ಆದರೆ ರಕ್ತದ ಆಮ್ಲ-ಕ್ಷಾರದ ಹದ ನಿಂತಿರುವುದು ಅದರ ಮೇಲೆ. ಅದು ತಗ್ಗಿದಾಗ ರಕ್ತ ಕ್ಷಾರದ ಕಡೆ ವಾಲುತ್ತದೆ, ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ನರಗಳು ಸುಮ್ಮಸುಮ್ಮನೆ ಮಿಡಿಯತೊಡಗುತ್ತವೆ. ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುವುದು ಇದರಿಂದ. ತೀರ ಹೆಚ್ಚಾದರೆ ಬೆರಳುಗಳು ಸೆಟೆದು ಕೈ ಕೊಕ್ಕರೆಯ ಕೊಕ್ಕಿನಂತೆ ಮುದುಡಿಕೊಳ್ಳುತ್ತದೆ. ನೋಡಿದವರು ಲಕ್ವ ಹೊಡೆಯಿತೆಂದು ಕೂಗುತ್ತಾರೆ. ಇತ್ತ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾಗುತ್ತದೆ, ಸುತ್ತಲಿನದೆಲ್ಲ ಕನಸಿನಂತೆ ದೂರ ಸರಿದ ಹಾಗೆ ಕಾಣುತ್ತದೆ. ಎದೆಗೂಡಿನ ಸ್ನಾಯುಗಳು ದಣಿದು ನೋಯುತ್ತವೆ. ಉಸಿರು ಸಾಲುತ್ತಿಲ್ಲ ಎನ್ನಿಸುತ್ತದೆ, ಇನ್ನಷ್ಟು ಎಳೆಯುತ್ತೇವೆ, ಇನ್ನಷ್ಟು ಕೆಡುತ್ತದೆ.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್ ಇದನ್ನು ಕಣ್ಣಿಗೇ ತೋರಿಸುವಂತಿತ್ತು. ಉಸಿರೇ ಇಲ್ಲ ಎಂದು ಒದ್ದಾಡುವವರ ಬೆರಳಿಗೆ ಸಿಕ್ಕಿಸಿದರೆ 98, 99. ಆಮ್ಲಜನಕಕ್ಕೆ ಏನೂ ಕೊರತೆಯಿಲ್ಲ. ಆದರೆ ಆ ಅಂಕಿಯ ಅರ್ಥವನ್ನು ಯಾರೂ ಹೇಳದ್ದರಿಂದ ಅದೇ ಯಂತ್ರ ಗಂಟೆಗೆ ನಾಲ್ಕು ಸಲ ನೋಡಿಕೊಳ್ಳುವ ಚಟವಾಯಿತು.

ಉಳಿದ ಲಕ್ಷಣಗಳಿಗೂ ಇಂಥದೇ ಸಾದಾ ಕಾರಣಗಳಿವೆ. ಗಂಟಲಲ್ಲಿ ಉಂಡೆ ಸಿಕ್ಕಿಕೊಂಡಂತಾಗುವುದು ಅಲ್ಲಿನ ಸ್ನಾಯುಗಳ ಬಿಗಿತ. ಬರೀ ಉಗುಳು ನುಂಗುವಾಗ ಕಾಡುವ ಅದು ಊಟ ಮಾಡುವಾಗ ಸಾಮಾನ್ಯವಾಗಿ ಮರೆಯಾಗುತ್ತದೆ. ಒತ್ತಡದಲ್ಲಿ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ದೊಡ್ಡ ಕರುಳು ಅವಸರ ಮಾಡುತ್ತದೆ. ಹಾಗಾಗಿ ಪಿಯುಸಿ ಪರೀಕ್ಷೆಯ ಬೆಳಿಗ್ಗೆ ತಿಂಡಿ ಸೇರದು, ಎರಡು ಮೂರು ಸಲ ಶೌಚಾಲಯಕ್ಕೆ ಹೋಗಬೇಕು. ಕಣ್ಣು ಕತ್ತಲೆ ಬಂದು ಬಿದ್ದೇಬಿಡುತ್ತೇನೆ ಎಂಬ ಭಯ ಬಹಳ ಜನರಿಗೆ. ಆದರೆ ಗಾಬರಿಯಲ್ಲಿ ರಕ್ತದೊತ್ತಡ ಏರುವುದರಿಂದ ಮೂರ್ಛೆ ಹೋಗುವುದು ಅಪರೂಪ. ರಕ್ತ, ಸೂಜಿ ಕಂಡರೆ ಹೆದರುವವರು ಮಾತ್ರ ಇದಕ್ಕೆ ಹೊರತು: ಅವರಲ್ಲಿ ಒತ್ತಡ ಮೊದಲು ಏರಿ ಆಮೇಲೆ ದಿಢೀರ್ ಇಳಿಯುತ್ತದೆ. ಅವರಿಗೆ ‘ಮೈ ಸಡಿಲ ಬಿಡಿ’ ಎಂಬ ಸಲಹೆ ತಲೆಕೆಳಗು; ತೋಳು, ತೊಡೆಗಳನ್ನು ಬಿಗಿಹಿಡಿಯುವುದನ್ನು ಕಲಿಸಬೇಕು.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಈ ಗಾಬರಿಯ ದಾಳಿಗೆ, ಅಂದರೆ ಪ್ಯಾನಿಕ್ ಅಟ್ಯಾಕ್‌ಗೆ ಪಟ್ಟಿ ಮಾಡುವ 13 ಲಕ್ಷಣಗಳಲ್ಲಿ 10 ದೇಹದವು. ಭಯ ಎಂಬ ಪದ ಬರುವುದು ಪಟ್ಟಿಯ ಕೊನೆಗೆ, ಸಾಯುತ್ತೇನೆ, ಹುಚ್ಚು ಹಿಡಿಯುತ್ತದೆ ಎಂಬ ರೂಪದಲ್ಲಿ. ಹೀಗಿರುವಾಗ ರೋಗಿ ಮನೋವೈದ್ಯರನ್ನು ಬಿಟ್ಟು ಹೃದ್ರೋಗ ತಜ್ಞರ ಬಳಿ ಹೋದರೆ ಅದರಲ್ಲಿ ತಪ್ಪೇನಿದೆ?

ತೊಂದರೆ ಒಂದು ಸಲ ಬಂದು ಹೋದರೆ ಅಲ್ಲಿಗೆ ಮುಗಿಯಬೇಕಿತ್ತು. ಅನೇಕರಲ್ಲಿ ಅದು ಯಾಕೆ ತಿಂಗಳುಗಟ್ಟಲೆ ಬೇರು ಬಿಡುತ್ತದೆ ಎಂಬುದಕ್ಕೆ ಆಕ್ಸ್‌ಫರ್ಡ್‌ನ ಡೇವಿಡ್ ಕ್ಲಾರ್ಕ್ 1986ರಲ್ಲಿ ಕೊಟ್ಟ ವಿವರಣೆ ಇಂದಿಗೂ ಚಿಕಿತ್ಸೆಯ ಬುನಾದಿ. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಮೆಟ್ಟಿಲು ಹತ್ತಿದ್ದಕ್ಕೋ ಎರಡನೇ ಕಾಫಿ ಕುಡಿದದ್ದಕ್ಕೋ ಇರಬಹುದು. ಮನಸ್ಸು ಅದನ್ನು ಹೃದಯಾಘಾತ ಎಂದು ಓದಿಕೊಳ್ಳುತ್ತದೆ. ಹೆದರಿಕೆ ಅಡ್ರಿನಲಿನ್ ತರುತ್ತದೆ, ಬಡಿತ ಇನ್ನೂ ಏರುತ್ತದೆ, ಮೊದಲಿನ ಅನುಮಾನ ಖಾತ್ರಿಯಾಗುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಶಿಖರ ಮುಟ್ಟಿ ತಾನಾಗಿಯೇ ಇಳಿಯುವ ಈ ಅಲೆ, ‘ಇನ್ನೊಂದು ಸಲ ಬಂದರೆ?’ ಎಂಬ ಪ್ರಶ್ನೆಯನ್ನು ಬಿಟ್ಟು ಹೋಗುತ್ತದೆ.

ಅಲ್ಲಿಂದ ಮುಂದೆ ಬದುಕು ಕಿರಿದಾಗುವ ಬಗೆಯನ್ನು ಬಲ್ಲವರು ಬಲ್ಲರು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು. ಲಿಫ್ಟ್ ಬೇಡ. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕೂತರೆ ನಡುವೆ ಏಳಲಾಗದು, ಹಾಗಾಗಿ ಮುಯ್ಯಿ ಕೊಟ್ಟು ಬರುವುದು. ಪರ್ಸಿನಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಜೊತೆಗೊಬ್ಬರು. ದಿನಕ್ಕೆ ಹತ್ತು ಸಲ ನಾಡಿ ಹಿಡಿದು ನೋಡುವುದು. ಈಗ ಆ ಕೆಲಸವನ್ನು ಕೈಗಡಿಯಾರವೇ ಮಾಡಿ, ಬಡಿತ 110 ಆಗಿದೆ ಎಂದು ಮೀಟಿಂಗ್ ನಡುವೆ ಎಚ್ಚರಿಸುತ್ತದೆ. ಇವೆಲ್ಲ ಆ ಹೊತ್ತಿಗೆ ಧೈರ್ಯ ಕೊಡುವುದು ನಿಜ. ಆದರೆ ಪ್ರತಿ ಸಲವೂ ‘ಮಾತ್ರೆ ಇತ್ತು, ಅದಕ್ಕೆ ಉಳಿದೆ’ ಎಂಬ ಪಾಠ ಗಟ್ಟಿಯಾಗುತ್ತದೆ. ಮಾತ್ರೆ ಇಲ್ಲದಿದ್ದರೂ ಉಳಿಯುತ್ತಿದ್ದೆ ಎಂದು ಕಲಿಯುವ ಅವಕಾಶವೇ ಸಿಗುವುದಿಲ್ಲ. ಪಾಲ್ ಸಾಲ್ಕೊವ್‌ಸ್ಕಿಸ್ ಎಂಬ ಮನಶ್ಶಾಸ್ತ್ರಜ್ಞ 1991ರಲ್ಲಿ ಈ ಅಂಶವನ್ನು ಎತ್ತಿ ಹೇಳಿದ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು. ನನ್ನ ದೃಷ್ಟಿಯಲ್ಲಿ ಮೂರನೇ, ನಾಲ್ಕನೇ ಇಸಿಜಿಯೂ ಇದೇ ಸಾಲಿಗೆ ಸೇರುತ್ತದೆ. ಮೊದಲನೆಯದು ಪರೀಕ್ಷೆ, ಆಮೇಲಿನವು ತಾಯತ.

ನಮ್ಮಲ್ಲಿ ಈ ಕಥೆಗೆ ಇನ್ನೊಂದು ಪದರವಿದೆ. ಕರ್ನಾಟಕದ ಯಾವ ಊರಿನ ಕ್ಲಿನಿಕ್ಕಿನಲ್ಲಿ ಕೂತರೂ ‘ನನಗೆ ಆತಂಕ’ ಎಂದು ಯಾರೂ ಹೇಳುವುದಿಲ್ಲ. ಗ್ಯಾಸ್ಟ್ರಿಕ್, ಎದೆಗೆ ಗ್ಯಾಸ್ ಏರುತ್ತದೆ, ಬಿಪಿ ಲೋ ಆಗುತ್ತದೆ, ತಲೆ ದಿಮ್ಮೆನ್ನುತ್ತದೆ, ಸುಸ್ತು, ಮೈಯೆಲ್ಲ ಉರಿ, ಕೈಕಾಲು ಸೆಳೆತ. ಹೆಂಗಸರಾದರೆ ಬಿಳಿ ಮುಟ್ಟು ಹೋಗಿ ಮೈಯ ಶಕ್ತಿಯೆಲ್ಲ ಇಳಿಯಿತು ಎನ್ನುತ್ತಾರೆ. ಹುಡುಗರಾದರೆ ಧಾತು ನಷ್ಟದ ಭಯ. ಅವರಿಗಾಗಿಯೇ ಬಸ್ ನಿಲ್ದಾಣದ ಗೋಡೆಗಳ ಮೇಲೆ, ಇಂಥ ತಾರೀಕು ಇಂಥ ಲಾಡ್ಜಿನಲ್ಲಿ ಸಿಗುತ್ತೇವೆ ಎಂಬ ನರದೌರ್ಬಲ್ಯದ ವೈದ್ಯರ ಜಾಹೀರಾತು ಇರುತ್ತದೆ. ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಕ್ಷಿಣ ಕನ್ನಡದ ಹವ್ಯಕ ಹೆಂಗಸರ ನಡುವೆ ಕೆಲಸ ಮಾಡಿ 1981ರಲ್ಲಿ ಬರೆದ ಪ್ರಬಂಧ ಇಂದು ಜಗತ್ತಿನ ಮನೋವೈದ್ಯಕೀಯ ಓದಿನಲ್ಲಿ ಕಾಯಂ ಜಾಗ ಪಡೆದಿದೆ. ಬಾಯಿಬಿಟ್ಟು ಹೇಳಲಾಗದ ಸಂಕಟ, ಮೈ ಇಳಿಯುವುದು, ಮಡಿಯ ಗೀಳು, ಮೈಮೇಲೆ ಬರುವುದು ಮೊದಲಾದ ದಾರಿಗಳಲ್ಲಿ ಹೊರಬೀಳುತ್ತದೆ, ಅವು ಸಂಕಟದ ನುಡಿಗಟ್ಟುಗಳು ಎಂದು ಅವನು ವಾದಿಸಿದ. ಬೆಂಗಳೂರಿನ ನಿಮ್ಹಾನ್ಸ್‌ನ ರಘುರಾಮ್, ಚನ್ನಬಸವಣ್ಣ ಮತ್ತು ಅವರ ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಇನ್ನೂ ಗಟ್ಟಿಯಾದ ಕಾರಣ ಕೊಟ್ಟಿತು. ಖಿನ್ನತೆಯ ಮಾತನ್ನು ಹೇಳಿಕೊಂಡರೆ ಮದುವೆ-ಮಾನ ಕೆಡುತ್ತದೆ. ಮೈಕೈ ನೋವನ್ನು ಯಾರ ಮುಂದೆಯೂ ಹೇಳಬಹುದು. ಅವರು ಅಳೆದ ಕಳಂಕದ ಅಂಕ ಖಿನ್ನತೆಯ ಲಕ್ಷಣಗಳ ಜೊತೆ ಏರಿತು, ದೇಹದ ಲಕ್ಷಣಗಳ ಜೊತೆ ಇಳಿಯಿತು.

ಹಾಗಾಗಿ ದೇಹದ ಭಾಷೆಯಲ್ಲಿ ಮಾತಾಡುವ ರೋಗಿಯನ್ನು ತಿಳಿಯದವರು ಎಂದು ಮೂದಲಿಸುವುದು ಅನ್ಯಾಯ. ಅವರು ಲೆಕ್ಕ ಹಾಕಿಯೇ ಮಾತಾಡುತ್ತಿದ್ದಾರೆ. ಆದರೆ ಆ ಭಾಷೆಗೆ ನಮ್ಮ ವೈದ್ಯ ವ್ಯವಸ್ಥೆ ಕೊಡುವ ಉತ್ತರವೂ ಅಷ್ಟೇ ಸಿದ್ಧವಾಗಿದೆ: ಒಂದು ಬಾಟಲಿ ಗ್ಲುಕೋಸ್, ಒಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್, ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಮಲಗಿ ಗ್ಲುಕೋಸ್ ಹಾಕಿಸಿಕೊಳ್ಳುವ ಒಂದೆರಡು ಗಂಟೆಯಲ್ಲಿ ಉಸಿರು ತಾನಾಗಿ ಹದಕ್ಕೆ ಬರುತ್ತದೆ, ಮನೆಯವರು ಪಕ್ಕದಲ್ಲಿ ಕೂತಿರುತ್ತಾರೆ, ಅಡುಗೆಮನೆಯಿಂದ ಬಿಡುವು ಸಿಕ್ಕಿರುತ್ತದೆ. ಗುಣವಾಯಿತು. ಹೆಸರು ಮಾತ್ರ ಗ್ಲುಕೋಸಿಗೆ.

ಇಲ್ಲಿ ಎದುರು ದಿಕ್ಕಿನ ಎಚ್ಚರವನ್ನೂ ಹೇಳಲೇಬೇಕು. ಎಲ್ಲವನ್ನೂ ಆತಂಕದ ಖಾತೆಗೆ ಹಾಕುವ ಇತ್ತೀಚಿನ ರೂಢಿ ಗ್ಯಾಸಿನ ಖಾತೆಗೆ ಹಾಕುವುದಕ್ಕಿಂತ ಹೆಚ್ಚು ಅಪಾಯದ್ದಾಗಬಹುದು, ಅದರಲ್ಲೂ ಹೆಂಗಸರಿಗೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಅರ್ಧಕ್ಕೆ ಹತ್ತಿರ. ರಕ್ತ ಕಡಿಮೆಯಿದ್ದರೆ ಎದೆ ಡವಗುಟ್ಟುತ್ತದೆ, ಮೆಟ್ಟಿಲಲ್ಲಿ ಏದುಸಿರು ಬರುತ್ತದೆ, ತಲೆ ಸುತ್ತುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ನಡುಕ, ಬೆವರು, ವೇಗದ ಬಡಿತ ಮೂರೂ ಇರುತ್ತವೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಪ್ಯಾನಿಕ್‌ನ ಪಡಿಯಚ್ಚು. ಆಸ್ತಮಾ, ಹೃದಯದ ಲಯದ ದೋಷ, ಬಿಟ್ಟುಬಿಟ್ಟ ಕುಡಿತ ಕೂಡ ಇದೇ ವೇಷದಲ್ಲಿ ಬರುತ್ತವೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತವೇ ಎದೆನೋವಿನ ಬದಲು ಬರೀ ಸುಸ್ತು, ವಾಕರಿಕೆ, ಉಸಿರು ಕಟ್ಟುವಿಕೆಯಾಗಿ ಬರುವುದುಂಟು. ನಡೆದಾಗ ಹೆಚ್ಚಾಗಿ ನಿಂತಾಗ ಇಳಿಯುವ ಎದೆಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ನಿಜಕ್ಕೂ ಎಚ್ಚರ ತಪ್ಪಿ ಬೀಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಐವತ್ತರ ಹತ್ತಿರ ಮೊದಲ ಬಾರಿಗೆ ಇಂಥದೆಲ್ಲ ಶುರುವಾಗುವುದು – ಇಂಥ ಕಡೆ ಮನಸ್ಸಿನ ಮಾತು ಆಮೇಲೆ. ಒಂದು ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ: ಹೆಚ್ಚಿನವರಿಗೆ ಆರಂಭಕ್ಕೆ ಇಷ್ಟು ಸಾಕು. ಒಮ್ಮೆ ಸರಿಯಾಗಿ ನೋಡಿಸಿಕೊಂಡವರು ಮಾತ್ರ ಪದೇಪದೇ ನೋಡಿಸಿಕೊಳ್ಳುವುದನ್ನು ಧೈರ್ಯವಾಗಿ ನಿಲ್ಲಿಸಬಲ್ಲರು.

ಈಗ ಮುಖ್ಯ ಪ್ರಶ್ನೆ, ಗಾಬರಿ ಬಂದಾಗ ಏನು ಮಾಡುವುದು. ಸಲಹೆಗಳಿಗೆ ಬರವಿಲ್ಲ, ಬಹುಪಾಲು ಸಲಹೆಗಳು ಲಕ್ಷಣವನ್ನು ಓಡಿಸುವುದು ಹೇಗೆ ಎಂಬುದರ ಸುತ್ತಲೇ ಇವೆ. ಇದಕ್ಕೆ ಪೂರ್ತಿ ಬೇರೆಯಾದ ದಾರಿಯನ್ನು ಮೊದಲು ಸರಳವಾಗಿ ಬರೆದವರು ಆಸ್ಟ್ರೇಲಿಯಾದ ಕ್ಲೇರ್ ವೀಕ್ಸ್. ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಆಮೇಲೆ ವೈದ್ಯೆಯಾದವಳು. ಚಿಕ್ಕ ವಯಸ್ಸಿನಲ್ಲಿ ಕ್ಷಯ ಎಂದು ತಪ್ಪಾಗಿ ಹೇಳಿ ಅವಳನ್ನು ಆರೋಗ್ಯಧಾಮಕ್ಕೆ ಸೇರಿಸಿದ್ದರು; ಹೊರಬಂದ ಮೇಲೆ ಎದೆಬಡಿತ ಅವಳನ್ನು ಬಿಡಲೇ ಇಲ್ಲ. ಮೊದಲ ಮಹಾಯುದ್ಧ ಕಂಡಿದ್ದ ಗೆಳೆಯನೊಬ್ಬ, ಕಂದಕಗಳಲ್ಲಿ ನಮಗೆಲ್ಲ ಹೀಗೇ ಆಗುತ್ತಿತ್ತು, ನೀನು ಬಡಿತಕ್ಕೆ ಹೆದರುತ್ತಿದ್ದೀಯ, ಅದಕ್ಕೇ ಅದು ನಿಲ್ಲುತ್ತಿಲ್ಲ ಎಂಬರ್ಥದ ಮಾತು ಹೇಳಿದ. ಲೂಯಿಸ್ ಕವಾಯತು ಮಾಡಿಸುತ್ತಿದ್ದ ಅದೇ ಪೀಳಿಗೆಯ ಸಿಪಾಯಿ! 1962ರಲ್ಲಿ ಅವಳು ಬರೆದ ಪುಸ್ತಕದ ತಿರುಳು ನಾಲ್ಕು ಹೆಜ್ಜೆ: ಎದುರಿಸು, ಒಪ್ಪಿಕೋ, ತೇಲು, ಕಾಲಕ್ಕೆ ಬಿಡು. ಆಗಿನ ಮನೋವೈದ್ಯರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಓದುಗರು ಲಕ್ಷಗಟ್ಟಲೆ ಕೊಂಡರು. ನಿದ್ದೆ ಬರಲೇಬೇಕು ಎಂದು ಹಟ ಹಿಡಿದ ರಾತ್ರಿ ನಿದ್ದೆ ಹೇಗೆ ಹತ್ತಿರ ಸುಳಿಯುವುದಿಲ್ಲವೋ, ಬಡಿತ ಇಳಿಯಲೇಬೇಕು ಎಂದು ಪಟ್ಟು ಹಿಡಿದಾಗ ಅದೂ ಇಳಿಯುವುದಿಲ್ಲ. ಬಡಿಯಲಿ, ಇದು ಅಡ್ರಿನಲಿನ್, ಇನ್ನು ಸ್ವಲ್ಪ ಹೊತ್ತು ಇರುತ್ತದೆ ಎಂದು ಬಿಟ್ಟು, ಕೈಯಲ್ಲಿದ್ದ ಪಾತ್ರೆ ತೊಳೆಯುವ ಕೆಲಸವನ್ನೇ ಮುಂದುವರಿಸುವುದು ಅವಳ ಮದ್ದು. ಕೇಳಲು ಸುಲಭ, ಮಾಡಲು ಬಹಳ ಕಷ್ಟ.

ಇಂದಿನ ವರ್ತನಾ ಚಿಕಿತ್ಸೆ ಇದನ್ನೇ ಅಭ್ಯಾಸವಾಗಿ ಕಟ್ಟಿಕೊಂಡಿದೆ. ಚಿಕಿತ್ಸಕರ ಕೋಣೆಯಲ್ಲಿ ಬೇಕೆಂದೇ ನಿಂತಲ್ಲೇ ಓಡಿಸುತ್ತಾರೆ, ತಿರುಗುವ ಕುರ್ಚಿಯಲ್ಲಿ ಸುತ್ತಿಸುತ್ತಾರೆ, ಸ್ಟ್ರಾ ಮೂಲಕ ಉಸಿರಾಡಿಸುತ್ತಾರೆ, ಒಂದು ನಿಮಿಷ ಬಿರುಸಾಗಿ ಉಸಿರೆಳೆಸುತ್ತಾರೆ. ಅದೇ ಡವಡವ, ಅದೇ ತಲೆಸುತ್ತು, ಅದೇ ಜುಮ್ಮು ಬರುತ್ತದೆ, ಹೋಗುತ್ತದೆ. ಏನೂ ಆಗುವುದಿಲ್ಲ. ಹತ್ತಾರು ಸಲ ಹೀಗೆ ಆದಮೇಲೆ ಮಿದುಳು ಆ ಲಕ್ಷಣವನ್ನು ಬೇರೆಯಾಗಿ ಓದತೊಡಗುತ್ತದೆ. ಅಮೆರಿಕದ ಡೇವಿಡ್ ಬಾರ್ಲೊ ಮತ್ತು ಜೊತೆಗಾರರು ರೂಪಿಸಿದ ಈ ಕ್ರಮವನ್ನು ಹೃದಯದ ಕಾಯಿಲೆ, ಅಪಸ್ಮಾರ, ತೀವ್ರ ಆಸ್ತಮಾ ಇರುವವರು, ಗರ್ಭಿಣಿಯರು ತಾವಾಗಿ ಮಾಡಬಾರದು. ಉಳಿದವರಿಗೆ ದಿನದ ಚುರುಕು ನಡಿಗೆ, ಸೈಕಲ್, ಶಟಲ್ ಕೂಡ ಅರ್ಧ ಇದೇ ಕೆಲಸ ಮಾಡುತ್ತವೆ: ಎದೆ ಜೋರಾಗಿ ಬಡಿದರೂ ಬದುಕಿರುತ್ತೇವೆ ಎಂದು ದೇಹಕ್ಕೆ ದಿನವೂ ತೋರಿಸುತ್ತವೆ.

ಉಸಿರಾಟದ ವಿಷಯಕ್ಕೆ ಬಂದರೆ ನಮ್ಮಲ್ಲಿ ಪ್ರಾಣಾಯಾಮ ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ನಿಧಾನ ಉಸಿರು ನಿಜಕ್ಕೂ ಕೆಲಸ ಮಾಡುತ್ತದೆ. ನಿಮಿಷಕ್ಕೆ ಆರರ ಆಸುಪಾಸು, ಒಳಗೆಳೆಯುವುದಕ್ಕಿಂತ ಹೊರಬಿಡುವುದು ಉದ್ದ, ಹೊಟ್ಟೆ ಏರಿಳಿಯುವಂತೆ. ಹೊರಬಿಡುವಾಗ ವೇಗಸ್ ನರ ಹೃದಯದ ಲಗಾಮು ಎಳೆಯುತ್ತದೆ. ಭ್ರಾಮರಿಯಲ್ಲಿ ಗುಂಯ್‌ಗುಡುವುದರಿಂದ ಹೊರಉಸಿರು ತಾನಾಗಿ ಉದ್ದವಾಗುತ್ತದೆ, ಎಣಿಸುವ ಗೋಜಿಲ್ಲ. ಆದರೆ ‘ಪ್ರಾಣಾಯಾಮ ಮಾಡಿ’ ಎಂದಷ್ಟೇ ಹೇಳಿ ಕಳಿಸಿದರೆ ಅನೇಕರು ಟಿವಿಯಲ್ಲಿ ನೋಡಿದ ಕಪಾಲಭಾತಿ, ಭಸ್ತ್ರಿಕಾ ಹಿಡಿಯುತ್ತಾರೆ. ಬಿರುಸಿನ ಉಸಿರಾಟ ಮೇಲೆ ಹೇಳಿದ ಇಂಗಾಲದ ಡೈಆಕ್ಸೈಡ್ ಲೆಕ್ಕವನ್ನೇ ಕೆಡಿಸಿ ಕೆಲವರಲ್ಲಿ ಗಾಬರಿ ಎಬ್ಬಿಸಬಹುದು. ಕಾಗದದ ಚೀಲದಲ್ಲಿ ಉಸಿರಾಡಿಸುವ ಸಿನಿಮಾ ಮದ್ದನ್ನು ಈಗ ವೈದ್ಯರು ಹೇಳುವುದಿಲ್ಲ. ಎದುರಿರುವುದು ನಿಜವಾದ ಹೃದಯ ಅಥವಾ ಶ್ವಾಸಕೋಶದ ತೊಂದರೆಯಾಗಿದ್ದರೆ ಚೀಲವೇ ಕೊಲ್ಲಬಹುದು. ಇನ್ನೊಂದು ಸೂಕ್ಷ್ಮ: ‘ನಿಧಾನ ಉಸಿರು ಎಳೆಯದಿದ್ದರೆ ಸಾಯುತ್ತೇನೆ’ ಎಂದು ಉಸಿರಾಟಕ್ಕೆ ಅಂಟಿಕೊಂಡರೆ ಅದೂ ಪರ್ಸಿನ ಮಾತ್ರೆಯ ಸಾಲಿಗೇ ಸೇರುತ್ತದೆ. ದಿನವೂ ಆರಾಮವಿದ್ದಾಗ ಹತ್ತು ನಿಮಿಷ ರೂಢಿ ಮಾಡುವುದು ವಾಸಿ. ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ, ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ವಿಧಾನಕ್ಕೂ ಇದೇ ಮಾತು. ಕತ್ತು, ಭುಜ, ತಲೆಯ ಬಿಗಿತ ಇರುವವರಿಗೆ ಅದು ಚೆನ್ನಾಗಿ ಒದಗುತ್ತದೆ.

ಔಷಧಿಯ ಬಗ್ಗೆ ಎರಡು ಅತಿಗಳಿವೆ. ಎಸಿಟಾಲೊಪ್ರಾಮ್, ಸರ್ಟ್ರಲಿನ್‌ನಂಥ ಮಾತ್ರೆಗಳು ಚಟ ಹಿಡಿಸುತ್ತವೆ ಎಂದು ಹೆದರಿ ಬಿಡುವವರು ಒಂದು ಕಡೆ. ಅವು ಚಟವಲ್ಲ, ಆದರೆ ದಿಢೀರನೆ ನಿಲ್ಲಿಸುವಂತಿಲ್ಲ. ಕೆಲಸ ಶುರುವಾಗಲು ಎರಡರಿಂದ ಆರು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಹೆಚ್ಚಾಗುವುದು ಉಂಟು. ಈ ಒಂದು ವಾಕ್ಯ ಮುಂಚೆಯೇ ಹೇಳದ ಕಾರಣಕ್ಕೆ ಎಷ್ಟೋ ಜನ ಮೂರನೇ ದಿನ ಸ್ಟ್ರಿಪ್ ಎಸೆಯುತ್ತಾರೆ. ಇನ್ನೊಂದು ಕಡೆ ಅಲ್ಪ್ರಜೋಲಮ್. ಅರ್ಧ ಗಂಟೆಯಲ್ಲಿ ಎಲ್ಲ ಶಾಂತ. ಚಟ ಹಿಡಿಸುವುದು ಇದು. ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್-1ರಲ್ಲಿದ್ದರೂ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವ ಹಿರಿಯರನ್ನು ನಮ್ಮ ಸುತ್ತಲೇ ನೋಡುತ್ತೇವೆ. ನಡುಕ, ಬಡಿತ ತಗ್ಗಿಸುವ ಪ್ರೊಪ್ರನಲಾಲ್ ವೇದಿಕೆ ಹತ್ತುವವರಿಗೆ ಪ್ರಿಯ. ಆಸ್ತಮಾ ಇದ್ದವರಿಗೆ ಅಪಾಯ.

ಕನ್ನಡದಲ್ಲಿ ಈ ಮಾತುಗಳನ್ನು ಹೇಳಿದವರು ಇಲ್ಲದಿಲ್ಲ. ಕೊರವಂಜಿ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ನಗಿಸುವ ವೈದ್ಯನೊಬ್ಬ ಮನೋವೈದ್ಯಕೀಯದ ಬಗ್ಗೆ ಬರೆದ ಪುಸ್ತಕಕ್ಕೆ! ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಪತ್ರಿಕೆ, ಪುಸ್ತಕ, ಉಪನ್ಯಾಸಗಳ ಮೂಲಕ ಇದನ್ನೇ ಮಾಡುತ್ತ ಬಂದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ವ್ಯವಸ್ಥೆಯೂ ಬರೀ ಕಾಗದದ ಮೇಲಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕ್ಲಿನಿಕ್ಕುಗಳನ್ನು ರಾಜ್ಯ ಸರ್ಕಾರ ಆರಂಭಿಸಿತು. 2022ರ ಅಕ್ಟೋಬರ್ 10ರಂದು ಶುರುವಾದ ಸಹಾಯವಾಣಿ ಟೆಲಿ-ಮಾನಸ್‌ಗೆ 14416ರಲ್ಲಿ ಹಗಲೂ ರಾತ್ರಿಯೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ. ಇಷ್ಟಿದ್ದೂ, 2016ರಲ್ಲಿ ವರದಿ ಬಂದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಚಿಕಿತ್ಸೆ ಬೇಕಿದ್ದೂ ಪಡೆಯದವರ ಪ್ರಮಾಣ ಬೇರೆ ಬೇರೆ ತೊಂದರೆಗಳಲ್ಲಿ ಶೇ 70ರಿಂದ 92ರವರೆಗೆ ಇತ್ತು. ಎದೆ ಹೊಡೆದುಕೊಳ್ಳುವವರು ಮಾನಸಿಕ ಆರೋಗ್ಯ ಎಂಬ ಬೋರ್ಡಿನ ಕೆಳಗೆ ಹೋಗಿ ಕೂರಲಿ ಎಂದು ಕಾಯುವ ತನಕ ಈ ಅಂಕಿ ಕದಲುವುದು ಕಷ್ಟ. ಅವರು ಹೋಗುವುದು ಹೃದ್ರೋಗ, ಹೊಟ್ಟೆ, ಕಿವಿ-ಮೂಗು-ಗಂಟಲು ವಿಭಾಗಗಳಿಗೆ, ಬೀದಿ ಮೂಲೆಯ ಎಂಬಿಬಿಎಸ್ ಡಾಕ್ಟರ ಹತ್ತಿರ. ಕಲಿಯಬೇಕಾದವರು ಅಲ್ಲಿನವರು.

ಜೊತೆಗೆ ಬರುವ ಮನೆಯವರೂ ಅಷ್ಟೇ. ‘ಧೈರ್ಯ ತಗೋ, ನಿನಗೇನಾಗಿದೆ, ಊಟಕ್ಕಿಲ್ವಾ ಬಟ್ಟೆಗಿಲ್ವಾ’ ಎನ್ನುವ ಅತ್ತೆ, ಮಾವ ಒಂದು ಬಗೆ. ಬಸ್ಸು ಹತ್ತಿಸದೆ, ಒಬ್ಬಳನ್ನೇ ಬಿಡದೆ, ಸೂಪರ್‌ಮಾರ್ಕೆಟ್ಟಿಗೂ ಕೈ ಹಿಡಿದು ಕರೆದೊಯ್ಯುವ ಪ್ರೀತಿಯ ಗಂಡ ಇನ್ನೊಂದು ಬಗೆ. ಮೊದಲನೆಯವರಿಂದ ಮನಸ್ಸು ನೋಯುತ್ತದೆ, ಎರಡನೆಯವರಿಂದ ಕಾಯಿಲೆ ಉಳಿಯುತ್ತದೆ. ‘ಬಂತಾ? ಸರಿ, ಬರಲಿ, ಇಳಿಯುವ ತನಕ ಇಲ್ಲೇ ನಿಂತಿರೋಣ, ಆಮೇಲೆ ಸಾಮಾನು ತಗೊಂಡೇ ಹೋಗೋಣ’ ಎನ್ನುವವರು ಸಿಕ್ಕರೆ ಅದೃಷ್ಟ. ಮುಂದಿನ ವಾರ ಅವರು ಅಂಗಡಿಯ ಬಾಗಿಲಲ್ಲಿ ನಿಲ್ಲಬೇಕು, ಅದರ ಮುಂದಿನ ವಾರ ಮನೆಯಲ್ಲೇ ಇರಬೇಕು.

ಇನ್ನು ಇಸಿಜಿ ಕೋಣೆಯ ವೈದ್ಯರಿಗೆ ಸಮಯವಿಲ್ಲ, ಹೊರಗೆ ಸಾ‌ಲು ಕಾಯುತ್ತಿದೆ ಎಂಬುದು ನಿಜ. ಆದರೆ ‘ಏನೂ ಇಲ್ಲ’ ಎನ್ನಲು ಬೇಕಾದ ಸಮಯಕ್ಕಿಂತ ಎರಡು ನಿಮಿಷ ಹೆಚ್ಚು ಸಾಕು: ನಿಮ್ಮ ಹೃದಯ ಚೆನ್ನಾಗಿದೆ, ನಿಮಗಾದದ್ದು ಸುಳ್ಳಲ್ಲ, ಭಯದಲ್ಲಿ ಅಡ್ರಿನಲಿನ್ ಮತ್ತು ಉಸಿರಿನ ವೇಗ ಹೀಗೆ ಮಾಡುತ್ತವೆ, ಮತ್ತೆ ಬರಬಹುದು, ಬಂದರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ, ಇಂತಿಂಥ ಲಕ್ಷಣ ಕಂಡರೆ ಮಾತ್ರ ತಕ್ಷಣ ಬನ್ನಿ, ಇಲ್ಲದಿದ್ದರೆ ಈ ಪರೀಕ್ಷೆ ಮತ್ತೆ ಬೇಡ, ಪದೇಪದೇ ಆಗುತ್ತಿದ್ದರೆ ಇಲ್ಲಿಗೆ ಹೋಗಿ. ವೈದ್ಯರು ತಾವಾಗಿ ಹೇಳದಿದ್ದರೆ ರೋಗಿಯೇ ಕೇಳಬಹುದು, ಮತ್ತು ಯಾವ ಲಕ್ಷಣ ಕಂಡರೆ ಬರಬೇಕು, ಎಲ್ಲಿಗೆ ಹೋಗಬೇಕು ಎಂಬೆರಡನ್ನು ಚೀಟಿಯ ಹಿಂದೆ ಬರೆದುಕೊಡಿ ಎನ್ನಬಹುದು.